ಮನೆ ಕಟ್ಟುವವರಿಗೊಂದು ಮನೆ

ಅನ್ನ, ಅರಿವೆ, ಆಶ್ರಯ ಈ ಮೂರೂ ಮನುಷ್ಯನ ಮೊದಲ ಆವಶ್ಯಕತೆಗಳೆಂದು ನಾವೆಲ್ಲರೂ ಪ್ರಾಥಮಿಕ ತರಗತಿಯಿಂದಲೇ ಓದುತ್ತ ಬಂದಿದ್ದೇವೆ. ಓದಿದ್ದನ್ನು ಮಕ್ಕಳಿಗೆ ಹೇಳಿಕೊಡುತ್ತಲೂ ಇದ್ದೇವೆ. ಅನ್ನ, ಅರಿವೆಗಳ ವಿಷಯದಲ್ಲಿ ನಮ್ಮ ದೇಶ ಸ್ವಾತಂತ್ರ್ಯಾನಂತರ ಬಹುದೂರ ನಡೆದಿದೆ. ಆಶ್ರಯದ ವಿಷಯದಲ್ಲಿ ಸರಕಾರಗಳು ಯೋಜನೆಯ ಮೇಲೆ ಯೋಜನೆ ಹಾಕಿ, ಕೋಟಿಗಟ್ಟಲೆ ಮನೆಗಳ ಲೆಕ್ಕ ಕೊಡುತ್ತಿರುವುದೂ ನಿಜ. ಹೀಗಿದ್ದೂ ಈ ಲೇಖನವನ್ನು ಬರೆಯುವ ಪ್ರಸಂಗ ಏಕೆ ಬಂದಿತೆಂಬುದನ್ನು ಮೊದಲು ನಿವೇದಿಸುತ್ತೇನೆ.

ಕಳೆದ ವರ್ಷ ನನ್ನ ತರಗತಿಯ ಮಕ್ಕಳಿಗೆ ‘ನನ್ನ ಮನೆ’ ಎಂಬ ವಿಷಯದ ಮೇಲೆ ಒಂದು ಪ್ರಬಂಧ ಬರೆಯಲು ಹೇಳಿದ್ದೆ. ಇದು ಎಷ್ಟೋ ವರ್ಷಗಳಿಂದ ನಾವು ಕೊಡುತ್ತ ಬಂದ ಹಳೆಯ ವಿಷಯ. ಮಕ್ಕಳೆಲ್ಲ ತಲೆ ತಗ್ಗಿಸಿ ಬರೆಯತೊಡಗಿದರು. ಹಿಂದಿನ ಸಾಲಿನ ಹುಡುಗನೊಬ್ಬ ಮಾತ್ರ ಎದ್ದು ನಿಂತು, “ಸರ್, ಯಾವ ಮನೀ ಬಗ್ಗೆ ಬರೀಲಿ? ಊರಾಗಿಂದೋ, ಇಲ್ಲೀದೋ?” ಎಂದು ಕೇಳಿದ. ಕೆಲವು ಮಕ್ಕಳು ನಕ್ಕರು. ಎರಡೆರಡು ಮನೆಗಳಿರುವ ಸಿರಿವಂತನೆಂದು ಅವರು ತಿಳಿದಿರಬಹುದು. ಆದರೆ ಆ ಹುಡುಗನಿಗೆ ಎರಡು ಮನೆಗಳಿರಲಿಲ್ಲ. ಹೇಳಿಕೊಳ್ಳುವಂಥ ಒಂದೂ ಇರಲಿಲ್ಲ. ಊರಿನಲ್ಲಿದ್ದದ್ದು ಛಾವಣಿಯಿಲ್ಲದ ನಾಲ್ಕು ಗೋಡೆ. ಇಲ್ಲಿದ್ದದ್ದು ಗೋಡೆಯೂ ಛಾವಣಿಯೂ ಒಂದೇ ತಗಡಿನಿಂದಾದ ಹತ್ತು ಅಡಿಯ ಒಂದು ಕೋಣೆ. ಇದನ್ನು ನಾನು ತಿಳಿದದ್ದು ಮುಂದಿನ ರವಿವಾರ ಅವನ ತಂದೆತಾಯಿಗಳನ್ನು ಕಾಣಲು ಹೋದಾಗ.

ಪುಣೆ ನಗರದ ಸುತ್ತಲೂ ಇಂದು ಹೊಸ ನಗರವೊಂದು ಏಳುತ್ತಿದೆ. ವಾಘೋಲಿ, ಖರಾಡಿ, ಬಾಣೇರ, ಹಿಂಜವಡಿಗಳ ಕಡೆಗೆ ಹೋದವರಿಗೆ ಆಕಾಶಕ್ಕೆ ಮುಖಮಾಡಿದ ಕಟ್ಟಡಗಳ ಸಾಲುಗಳು ಕಾಣುತ್ತವೆ. ಆ ಕಟ್ಟಡಗಳ ಬುಡದಲ್ಲಿ, ತಗಡಿನ ಬೇಲಿಯ ಹಿಂದೆ, ತಗಡಿನದೇ ಸಾಲುಮನೆಗಳಿರುತ್ತವೆ. ಇವಕ್ಕೆ ‘ಲೇಬರ್ ಕ್ಯಾಂಪ್’ ಎಂದು ಹೆಸರು. ಸಂಜೆಯ ಹೊತ್ತಿಗೆ ಅಲ್ಲಿ ನಿಂತು ಕಿವಿಗೊಟ್ಟರೆ ಕಲಬುರಗಿ, ಯಾದಗಿರಿ, ವಿಜಯಪುರಗಳ ಕನ್ನಡ ಕೇಳಿಸುತ್ತದೆ. ಲಂಬಾಣಿ ಮಾತೂ ಕೇಳಿಸುತ್ತದೆ. ಬೆಳಗಿನ ಜಾವ ಮಜೂರರ ಅಡ್ಡೆಗಳಲ್ಲಿ ಡಬ್ಬಿ ಹಿಡಿದು ಕೆಲಸಕ್ಕಾಗಿ ಕಾದು ನಿಲ್ಲುವವರಲ್ಲಿಯೂ ನಮ್ಮ ನಾಡಿನವರಿರುತ್ತಾರೆ. ಪುಣೆಯ ಕನ್ನಡಿಗರೆಂದೊಡನೆ ನಮಗೆ ನೆನಪಾಗುವುದು ಕಚೇರಿಗಳ ಅಧಿಕಾರಿಗಳು, ಉಪಾಹಾರಗೃಹಗಳ ಮಾಲಿಕರು, ಕಾರಖಾನೆಗಳ ಇಂಜಿನಿಯರರು. ಅವರೆಲ್ಲರಿಗೂ ಮನೆ ಕಟ್ಟಿಕೊಟ್ಟ ಕನ್ನಡಿಗನು ನಮ್ಮ ಸಮ್ಮೇಲನಗಳ ಪಂಕ್ತಿಯಲ್ಲಿ ವಿರಳವಾಗಿಯೇ ಕಾಣುತ್ತಾನೆ.

ಆ ಹುಡುಗನ ತಂದೆ ಗೌಂಡಿ. ತಾಯಿ ಬಿಗಾರಿ ಕೆಲಸದವಳು. ಊರು ಯಾದಗಿರಿ ಜಿಲ್ಲೆಯ ಒಂದು ಹಳ್ಳಿ. ಆತ ಸಂಕೋಚದಿಂದಲೇ ಹೇಳಿದ ಮಾತು ನನ್ನ ಮನಸ್ಸಿನಲ್ಲಿ ನಿಂತಿದೆ. “ನೋಡ್ರಿ ಸರ, ಇಲ್ಲಿ ಹದಿನಾಲ್ಕನೇ ಮಜಲೆ ತನಕ ಸ್ಲ್ಯಾಬ್ ಹಾಕೀನ್ರಿ. ಊರಾಗ ನನ್ನ ಸ್ವಂತ ಮನಿ ಏಳು ಫೂಟಿನ ಮ್ಯಾಲ ಏರವಲ್ದ್ರಿ.”

ಏರದೆ ಇರಲು ಕಾರಣವೇನು? ಆತನಿಗೆ ಸರಕಾರದ ಮನೆ ಮಂಜೂರಾಗಿತ್ತು. ಅಡಿಪಾಯ ಹಾಕಿದ ಮೇಲೆ ಚಿತ್ರ ತೆಗೆಸಬೇಕು, ಆಮೇಲೆ ಮೊದಲನೆಯ ಕಂತು. ಲಿಂಟಲ್ ಮಟ್ಟಕ್ಕೆ ಗೋಡೆ ಏರಿದ ಮೇಲೆ ಮತ್ತೆ ಚಿತ್ರ, ಮತ್ತೆ ಕಂತು. ನಿಯಮ ನ್ಯಾಯವಾದದ್ದೇ. ಕಟ್ಟದ ಮನೆಗೆ ಹಣ ಹೋಗಬಾರದಲ್ಲ! ಆದರೆ ಪ್ರತಿ ಸಲ ಆತ ಪುಣೆಯ ಕೆಲಸ ಬಿಟ್ಟು ರೈಲು ಹತ್ತಬೇಕು. ಚಿತ್ರ ತೆಗೆಯಬೇಕಾದವರು ಈ ವಾರವಲ್ಲ ಮುಂದಿನ ವಾರ ಎಂದರೆ ಕೂಲಿಯಿಲ್ಲದೆ ಕೂಡಬೇಕು. ಎರಡನೆಯ ಕಂತು ಎಂಟು ತಿಂಗಳಾದರೂ ಬರಲಿಲ್ಲ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯಂತೆ ಕೈಗಡ ತಂದು ಸಿಮೆಂಟು, ಉಸುಕು ಕೊಂಡಿದ್ದ. ಆ ಸಾಲ ತೀರಿಸಲು ಹೆಂಡತಿಯನ್ನೂ ಮಗನನ್ನೂ ಕರೆದುಕೊಂಡು ಪುಣೆಗೆ ಬಂದ. ಊರಿನಲ್ಲಿ ಮುದುಕಿಯಾದ ತಾಯಿ ಮಾತ್ರ ಇದ್ದಾಳೆ. ಮನೆಗಾಗಿ ಸಾಲ, ಸಾಲಕ್ಕಾಗಿ ವಲಸೆ, ವಲಸೆಯಿಂದಾಗಿ ಮನೆ ಅರ್ಧಕ್ಕೆ ನಿಲ್ಲುವುದು — ಹೀಗೆ ಒಂದು ಚಕ್ರ. ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ನಮ್ಮ ಹಿರಿಯರು ಇಂಥ ಮೂರನೆಯ ಸಂಕಟವನ್ನು ಊಹಿಸಿರಲಾರರು.

ಒಬ್ಬನ ಕಷ್ಟವನ್ನು ಹಿಡಿದು ಇಡೀ ನೀತಿಯನ್ನು ಹಳಿಯುವುದು ನ್ಯಾಯವಲ್ಲ. ಆದುದರಿಂದ ಈ ನೀತಿ ಎಲ್ಲಿಂದ ಎಲ್ಲಿಗೆ ಬಂದಿದೆಯೆಂಬುದನ್ನು ಸಂಕ್ಷೇಪವಾಗಿ ನೋಡೋಣ.

ಸ್ವತಂತ್ರ ಭಾರತದ ಮೊದಲ ವರ್ಷಗಳಲ್ಲಿ ಹಳ್ಳಿಯ ಮನೆ ಹಳ್ಳಿಗನ ಸ್ವಂತ ಜವಾಬ್ದಾರಿಯೆಂದೇ ಬಗೆಯಲಾಗಿತ್ತು. ಎರಡನೆಯ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ, 1957ರಲ್ಲಿ, ಸಮುದಾಯ ಅಭಿವೃದ್ಧಿ ಕಾರ್ಯದ ಅಂಗವಾಗಿ ಗ್ರಾಮೀಣ ಗೃಹನಿರ್ಮಾಣದ ಯೋಜನೆಯೊಂದು ಬಂದಿತು. ಅದು ಕೊಟ್ಟದ್ದು ಸಾಲ. ಸಾಲ ಪಡೆಯಬಲ್ಲವನಿಗೆ ಅದು ಸಹಾಯವಾಯಿತು. ಸಾಲಕ್ಕೆ ಒತ್ತೆಯಿಡಲು ಏನೂ ಇಲ್ಲದವನು ಹೊರಗೇ ಉಳಿದ. 1971ರಲ್ಲಿ ಭೂಹೀನ ಕೃಷಿಕಾರ್ಮಿಕರಿಗೆ ನಿವೇಶನ ಕೊಡುವ ಕಾರ್ಯ ಆರಂಭವಾಯಿತು. 1985–86ರಲ್ಲಿ ಇಂದಿರಾ ಆವಾಸ ಯೋಜನೆ ಬಂದು, ಮೊದಲ ಬಾರಿಗೆ ಬಡವನ ಮನೆಗೆ ಮರಳಿ ಕೊಡಬೇಕಿಲ್ಲದ ನೆರವು ದೊಡ್ಡ ಪ್ರಮಾಣದಲ್ಲಿ ದೊರಕತೊಡಗಿತು. 1996ರ ಜನವರಿ 1ರಿಂದ ಅದು ಸ್ವತಂತ್ರ ಯೋಜನೆಯಾಯಿತು. ಕರ್ನಾಟಕವು 1991–92ರಲ್ಲಿ ಆಶ್ರಯ ಯೋಜನೆಯನ್ನು ಆರಂಭಿಸಿ, 2000ದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮವನ್ನು ಸ್ಥಾಪಿಸಿತು. ಬಸವ ವಸತಿ, ಅಂಬೇಡ್ಕರ್ ನಿವಾಸ ಮೊದಲಾದ ಯೋಜನೆಗಳು ಆ ನಿಗಮದ ಮೂಲಕ ನಡೆಯುತ್ತ ಬಂದಿವೆ. ಮನೆಯನ್ನು ಸಾಮಾನ್ಯವಾಗಿ ಹೆಂಗಸಿನ ಹೆಸರಿನಲ್ಲಿಯೇ ಮಂಜೂರು ಮಾಡುವ ಪದ್ಧತಿ ಕರ್ನಾಟಕದ ಯೋಜನೆಗಳಲ್ಲಿ ಬೇರೂರಿದ್ದು ಒಂದು ಹೆಮ್ಮೆಯ ಸಂಗತಿ.

2016ರಲ್ಲಿ ಇಂದಿರಾ ಆವಾಸದ ಸ್ಥಾನದಲ್ಲಿ ಪ್ರಧಾನಮಂತ್ರಿ ಆವಾಸ ಯೋಜನೆಯ ಗ್ರಾಮೀಣ ವಿಭಾಗ ಬಂದಿತು. ಮನೆಯ ಕನಿಷ್ಠ ವಿಸ್ತೀರ್ಣ 20 ಚದರ ಮೀಟರಿನಿಂದ 25 ಚದರ ಮೀಟರಿಗೆ ಏರಿತು. ಅದರಲ್ಲಿ ಅಡಿಗೆಯ ಜಾಗವೂ ಸೇರಿತು. ನೆರವಿನ ಮೊತ್ತ 70,000 ರೂಪಾಯಿಯಿಂದ 1,20,000 ರೂಪಾಯಿಗೆ ಏರಿತು. ಗುಡ್ಡಗಾಡಿನ ಪ್ರದೇಶಕ್ಕೆ 1,30,000. ಅದರೊಡನೆ ಉದ್ಯೋಗ ಖಾತ್ರಿಯ 90 ಅಥವಾ 95 ದಿನಗಳ ಕೂಲಿಯನ್ನೂ ಶೌಚಾಲಯಕ್ಕೆ 12,000 ರೂಪಾಯಿಯನ್ನೂ ಜೋಡಿಸಲಾಯಿತು. ವೆಚ್ಚದಲ್ಲಿ ಕೇಂದ್ರದ ಪಾಲು ನೂರಕ್ಕೆ 60, ರಾಜ್ಯದ ಪಾಲು 40. ಹಣ ನೇರವಾಗಿ ಫಲಾನುಭವಿಯ ಬ್ಯಾಂಕಿನ ಖಾತೆಗೆ ಹೋಗುತ್ತದೆ. 2024ರ ಮಾರ್ಚಿನೊಳಗೆ 2.95 ಕೋಟಿ ಮನೆಗಳ ಗುರಿಯಿಟ್ಟುಕೊಂಡ ಈ ಯೋಜನೆಯನ್ನು, ಇನ್ನೂ 2 ಕೋಟಿ ಮನೆಗಳಿಗಾಗಿ 2029ರ ವರೆಗೆ ಮುಂದುವರಿಸಲಾಗಿದೆ. 2025ರ ಫೆಬ್ರುವರಿಯಲ್ಲಿ ಇದೇ ಪುಣೆಯಲ್ಲಿ ನಡೆದ ಸಮಾರಂಭದಲ್ಲಿ ಮಹಾರಾಷ್ಟ್ರದ 20 ಲಕ್ಷ ಕುಟುಂಬಗಳಿಗೆ ಮಂಜೂರಾತಿ ಪತ್ರಗಳನ್ನು ಕೊಡಲಾಯಿತು. ಮಹಾರಾಷ್ಟ್ರ ಸರಕಾರವು ತನ್ನ ಕಡೆಯಿಂದ ಪ್ರತಿ ಮನೆಗೆ 50,000 ರೂಪಾಯಿ ಹೆಚ್ಚಿನ ನೆರವನ್ನೂ ಘೋಷಿಸಿತು.

ಈ ಕಾರ್ಯದ ಗಾತ್ರವನ್ನು ಅಲ್ಲಗಳೆಯುವವನು ಕೃತಘ್ನನೇ ಸರಿ. ಗುಡಿಸಲುಗಳ ಜಾಗದಲ್ಲಿ ಗಟ್ಟಿಯಾದ ಗೋಡೆಗಳು ಎದ್ದಿರುವುದನ್ನು ನಮ್ಮ ಊರುಗಳಲ್ಲಿ ಕಣ್ಣಾರೆ ಕಾಣುತ್ತೇವೆ. ನನ್ನ ಆಕ್ಷೇಪಣೆ ಯೋಜನೆಯ ಉದ್ದೇಶದ ಮೇಲಲ್ಲ. ಅದರ ಅಡಿಯಲ್ಲಿರುವ ಒಂದು ಗ್ರಹಿಕೆಯ ಮೇಲೆ. ಬಡವನು ಒಂದೇ ಊರಿನಲ್ಲಿ ಹುಟ್ಟಿ, ಅಲ್ಲಿಯೇ ದುಡಿದು, ಅಲ್ಲಿಯೇ ವರ್ಷವಿಡೀ ಬಾಳುತ್ತಾನೆಂಬುದು ಆ ಗ್ರಹಿಕೆ. ಗ್ರಾಮೀಣ ವಸತಿ ಒಂದು ಇಲಾಖೆಯದು, ನಗರ ವಸತಿ ಇನ್ನೊಂದು ಇಲಾಖೆಯದು. ಆರು ತಿಂಗಳು ಹಳ್ಳಿಯವನೂ ಆರು ತಿಂಗಳು ನಗರದವನೂ ಆದ ಮನುಷ್ಯನು ಈ ಎರಡು ಇಲಾಖೆಗಳ ನಡುವಿನ ಸಂದಿಯಲ್ಲಿ ಬೀಳುತ್ತಾನೆ.

ಒಂದೊಂದಾಗಿ ನೋಡೋಣ. ಮನೆಗೆ ಅರ್ಹರಾದವರ ಪಟ್ಟಿ ಗ್ರಾಮಸಭೆಯ ಮುಂದೆ ಬರಬೇಕು. ಇದು ಪ್ರಜಾಪ್ರಭುತ್ವಕ್ಕೆ ಶೋಭಿಸುವ ನಿಯಮ. ಆದರೆ ಗ್ರಾಮಸಭೆ ನಡೆಯುವ ದಿನ ನಮ್ಮ ಗೌಂಡಿ ಪುಣೆಯಲ್ಲಿ ಹತ್ತನೆಯ ಅಂತಸ್ತಿನ ಮೇಲಿರುತ್ತಾನೆ. ಸಮೀಕ್ಷೆಗೆ ಬಂದವರಿಗೆ ಅವನ ಗುಡಿಸಲಿನ ಬಾಗಿಲಿಗೆ ಬೀಗ ಕಾಣುತ್ತದೆ. ಬೀಗ ಹಾಕಿದವನು ಊರು ಬಿಟ್ಟನೆಂದು ಬರೆದುಕೊಂಡರೆ ಅಲ್ಲಿಗೆ ಮುಗಿಯಿತು. ಹೇಳುವವನಿಲ್ಲದ ಹೆಸರು ಪಟ್ಟಿಯಲ್ಲಿ ಎಷ್ಟು ದಿನ ಉಳಿದೀತು?

ಇನ್ನು ಆದಾಯದ ಮಿತಿ. ತಿಂಗಳಿಗೆ 10,000 ರೂಪಾಯಿಗಿಂತ ಹೆಚ್ಚು ಗಳಿಸುವವನು ಕುಟುಂಬದಲ್ಲಿದ್ದರೆ ಮನೆಯಿಲ್ಲವೆಂದು ಮೊದಲು ನಿಯಮವಿತ್ತು. 2024ರಲ್ಲಿ ಅದನ್ನು 15,000 ರೂಪಾಯಿಗೆ ಏರಿಸಿ, ಮೋಟಾರ್ ಸೈಕಲ್ ಇದ್ದವರನ್ನು ಹೊರಗಿಡುವ ನಿಯಮವನ್ನೂ ತೆಗೆದುಹಾಕಲಾಯಿತು. ಇದು ಸ್ವಾಗತಾರ್ಹವೇ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಪುಣೆಯಲ್ಲಿ ಕೆಲಸವಿದ್ದ ತಿಂಗಳಲ್ಲಿ ಒಳ್ಳೆಯ ಗೌಂಡಿ ಆ ಮಿತಿಯನ್ನು ದಾಟಿಯಾನು; ಮಳೆಗಾಲದಲ್ಲಿ ಕೆಲಸ ನಿಂತಾಗ ಅವನ ಕೈ ಬರಿದು. ಊರಿನಲ್ಲಿಯೇ ಉಳಿದು ಅರೆಹೊಟ್ಟೆಯಲ್ಲಿದ್ದರೆ ಮನೆಗೆ ಅರ್ಹ. ಊರು ಬಿಟ್ಟು ಬೆವರು ಸುರಿಸಿ ನಾಲ್ಕು ಕಾಸು ಕಂಡರೆ ಅನರ್ಹ. ದುಡಿಮೆಗೆ ಇದಕ್ಕಿಂತ ವಿಚಿತ್ರವಾದ ದಂಡ ಇನ್ನೇನಿದ್ದೀತು?

ಮೂರನೆಯದು ಮೊತ್ತದ ಮಾತು. 25 ಚದರ ಮೀಟರೆಂದರೆ ಸುಮಾರು 269 ಚದರಡಿ. 1,20,000 ರೂಪಾಯಿಯನ್ನು ಅದಕ್ಕೆ ಹಂಚಿದರೆ ಚದರಡಿಗೆ ಸುಮಾರು 446 ರೂಪಾಯಿ ಬೀಳುತ್ತದೆ. ಈ ಮೊತ್ತ ಗೊತ್ತಾದದ್ದು 2016ರಲ್ಲಿ. 2029ರ ವರೆಗಿನ ಅವಧಿಗೂ ಕೇಂದ್ರವು ಇದನ್ನೇ ಇಟ್ಟುಕೊಂಡಿದೆ. ಸಿಮೆಂಟು, ಸಳಿ, ಉಸುಕುಗಳ ಬೆಲೆಗಳಿಗೆ ಮಾತ್ರ ಯಾರೂ ಈ ವಿಷಯ ತಿಳಿಸಿದಂತಿಲ್ಲ! ಸರಕಾರಿ ನೌಕರರಿಗೆ ಬೆಲೆಗಳು ಏರಿದಂತೆ ತುಟ್ಟಿಭತ್ಯೆ ಏರುತ್ತದೆ. ಶಿಕ್ಷಕನಾದ ನಾನೂ ಅದರ ದಾರಿಯನ್ನು ಕಾಯುತ್ತಿರುವವನೇ. ನಮ್ಮ ಸಂಬಳಕ್ಕೆ ಅನ್ವಯಿಸುವ ನ್ಯಾಯ ಬಡವನ ಗೋಡೆಗೆ ಏಕೆ ಅನ್ವಯಿಸಬಾರದು? ಮೊತ್ತ ಸಾಲದೆ ಹೋದಾಗ ಉಳಿದದ್ದು ಸಾಲದ ರೂಪದಲ್ಲಿ ಬರುತ್ತದೆ. ಸಾಲ ಬ್ಯಾಂಕಿನಿಂದ ಬಾರದೆ ಊರಿನ ಬಡ್ಡಿಯವನಿಂದ ಬರುತ್ತದೆ. ಪುಕ್ಕಟೆಯಾಗಿ ಬಂದ ಮನೆಯೇ ಕುಟುಂಬವನ್ನು ಋಣದಲ್ಲಿ ಕೆಡವುತ್ತದೆ.

ನಾಲ್ಕನೆಯದು, ಎಲ್ಲಕ್ಕೂ ಮೊದಲಿನದಾಗಬೇಕಾದ ನೆಲದ ಮಾತು. ಮನೆ ಕಟ್ಟಲು ಹಣ ಕೊಡಬಹುದು. ನಿಲ್ಲಲು ನೆಲವಿಲ್ಲದವನು ಮನೆಯನ್ನು ಎಲ್ಲಿ ಕಟ್ಟಬೇಕು? ನಮ್ಮ ಲಂಬಾಣಿ ತಾಂಡಾಗಳೂ ಹಟ್ಟಿ ಹಾಡಿಗಳೂ ತಲೆಮಾರುಗಳಿಂದ ಇದ್ದರೂ ಕಂದಾಯದ ದಾಖಲೆಯಲ್ಲಿ ಊರೆಂದು ಇರಲಿಲ್ಲ. ಮನೆಯಿದ್ದೂ ಅದರ ಉತಾರ ಇರಲಿಲ್ಲ. ಉತಾರವಿಲ್ಲದೆ ಸಾಲವಿಲ್ಲ, ಸಹಾಯಧನವಿಲ್ಲ. 1974ರ ಭೂಸುಧಾರಣೆಯು ‘ಉಳುವವನೇ ಹೊಲದೊಡೆಯ’ ಎಂದಿತು; ಆಮೇಲೆ ಆ ಕಾಯಿದೆಗೆ ತಿದ್ದುಪಡಿ ತಂದು ‘ವಾಸಿಸುವವನೇ ಮನೆಯೊಡೆಯ’ ಎಂಬ ತತ್ತ್ವವನ್ನು ಕರ್ನಾಟಕ ಸರಕಾರ ಒಪ್ಪಿಕೊಂಡಿತು. 2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಸುಮಾರು 50,000 ಕುಟುಂಬಗಳಿಗೆ ಹಕ್ಕುಪತ್ರಗಳನ್ನು ಹಂಚಲಾಯಿತು. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ, ವಿಜಯಪುರ ಜಿಲ್ಲೆಗಳ ತಾಂಡಾವಾಸಿಗಳು ಅವನ್ನು ಪಡೆದರು. ರಾಷ್ಟ್ರಕೂಟರ ಮಾನ್ಯಖೇಟವೇ ಇಂದಿನ ಮಳಖೇಡ. ಅಮೋಘವರ್ಷ ನೃಪತುಂಗನ ರಾಜಧಾನಿಯಾಗಿದ್ದ ಆ ನೆಲದಲ್ಲಿ ಸಾವಿರ ವರ್ಷಗಳ ತರುವಾಯ ಒಬ್ಬ ತಾಂಡಾದ ಹೆಣ್ಣುಮಗಳು ತನ್ನ ಅಂಗಳಕ್ಕೆ ತಾನೇ ಒಡತಿಯೆಂಬ ಕಾಗದವನ್ನು ಕೈಯಲ್ಲಿ ಹಿಡಿದದ್ದು ಸಾಮಾನ್ಯ ಸಂಗತಿಯಲ್ಲ. ಈ ಕೆಲಸ ಎಲ್ಲ ರಾಜ್ಯಗಳಲ್ಲಿಯೂ ಮನೆಯ ಕಂತಿಗಿಂತ ಮೊದಲು ನಡೆಯಬೇಕು.

ಇಲ್ಲಿ ಕೆಲವರು ಕೇಳಬಹುದು: ಊರಿನಲ್ಲಿ ಬಾಳದವನಿಗೆ ಊರಿನಲ್ಲಿ ಮನೆ ಏಕೆ? ಬೀಗ ಜಡಿದ ಮನೆಗಳಿಗೆ ಸರಕಾರ ಹಣ ಸುರಿಯಬೇಕೆ? ಈ ಪ್ರಶ್ನೆಗೆ 2020ರ ಮಾರ್ಚ್ ತಿಂಗಳು ಉತ್ತರ ಕೊಟ್ಟಿದೆ. ಮಹಾಮಾರಿಯ ಭಯದಿಂದ ದೇಶವೆಲ್ಲ ಬಾಗಿಲಿಕ್ಕಿಕೊಂಡಾಗ, ‘ಮನೆಯಲ್ಲಿಯೇ ಇರಿ’ ಎಂಬ ಆಜ್ಞೆ ಹೊರಟಿತು. ಮನೆಯಿಲ್ಲದವರು ಏನು ಮಾಡಬೇಕು? ಕೆಲಸ ನಿಂತೊಡನೆ ನಗರಗಳ ತಗಡಿನ ಕೋಣೆಗಳು ಅವರಿಗೆ ಎರವಾದವು. ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಹೆದ್ದಾರಿಗಳನ್ನು ಹಿಡಿದು ನಡೆದರು. ಅವರು ನಡೆದದ್ದು ಊರಿನ ಆ ಅರೆಮನೆಯ ಕಡೆಗೆ. ದುಡಿಯುವ ಶಕ್ತಿ ಇರುವ ತನಕ ನಗರ. ರೋಗ, ಮುಪ್ಪು, ಆಪತ್ತು ಬಂದಾಗ ಊರು. ಆದುದರಿಂದ ಊರಿನ ಮನೆ ವ್ಯರ್ಥವಲ್ಲ. ಅದು ಬಡವನ ವಿಮೆ, ಅದೇ ಅವನ ನಿವೃತ್ತಿ ವೇತನ.

ಆದರೆ ಊರಿನ ಮನೆಯೊಂದೇ ಸಾಲದು ಎಂಬುದೂ ಅಷ್ಟೇ ಸತ್ಯ. ಮನುಷ್ಯ ಎಲ್ಲಿ ದುಡಿಯುತ್ತಾನೋ ಅಲ್ಲಿಯೇ ಅವನಿಗೆ ನಿದ್ದೆಗೊಂದು ಮಾಡು ಬೇಕು. ಮುಂಬಯಿಯ ಪಾದಚಾರಿ ಮಾರ್ಗಗಳಲ್ಲಿ ವಾಸಿಸುವವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1985ರಲ್ಲಿ ಈ ಸಂಬಂಧವನ್ನು ಗುರುತಿಸಿತು. ಅವರು ಅಲ್ಲಿ ವಾಸಿಸುವುದು ಹತ್ತಿರದಲ್ಲಿ ಕೆಲಸವಿರುವುದರಿಂದ. ವಾಸದ ಜಾಗದಿಂದ ಕಿತ್ತರೆ ಜೀವನೋಪಾಯದಿಂದಲೇ ಕಿತ್ತಂತೆ. ಅಂತರರಾಜ್ಯ ವಲಸೆ ಕಾರ್ಮಿಕರಿಗೆ ಯೋಗ್ಯವಾದ ವಸತಿ ಕೊಡಬೇಕೆಂದು 1979ರ ಕಾಯಿದೆಯೂ, ಕಟ್ಟಡ ಕಾರ್ಮಿಕರಿಗೆ ಕೆಲಸದ ಸ್ಥಳದಲ್ಲಿ ಉಚಿತವಾಗಿ ತಾತ್ಕಾಲಿಕ ವಸತಿ ಕೊಡಬೇಕೆಂದು 1996ರ ಕಾಯಿದೆಯೂ ವಿಧಿಸಿದ್ದವು. ಕಾಯಿದೆ ಬಂಗಾರದಂಥದು, ಆಚರಣೆ ತಗಡಿನದು. 2020ರ ಜುಲೈಯಲ್ಲಿ ಕೇಂದ್ರ ಸರಕಾರವು ವಲಸಿಗರಿಗಾಗಿ ಕಡಿಮೆ ಬಾಡಿಗೆಯ ಮನೆಗಳ ಯೋಜನೆಯೊಂದನ್ನು ಒಪ್ಪಿತು. ವಿಚಾರ ಉತ್ತಮವಾದದ್ದೇ ಆಗಿತ್ತು; ಆರಂಭದ ಉತ್ಸಾಹಕ್ಕೆ ತಕ್ಕಷ್ಟು ಮನೆಗಳು ಮಾತ್ರ ಏಳಲಿಲ್ಲ. ‘ದೇವರು ವರ ಕೊಟ್ಟರೂ ಪೂಜಾರಿ ಕೊಡ’ ಎಂಬ ಗಾದೆ ಇಲ್ಲಿ ನೆನಪಾಗುತ್ತದೆ.

ಕೆಲಸದ ಹತ್ತಿರ ಮನೆ ಎಂಬುದು ಆಗದ ಮಾತೇನಲ್ಲ. ಪುಣೆಯೇ ಇದಕ್ಕೆ ಸಾಕ್ಷಿ. 1961ರ ಜುಲೈ 12ರಂದು ಪಾನಶೇತ ಅಣೆಕಟ್ಟು ಒಡೆದು, ಖಡಕವಾಸಲಾ ಅಣೆಕಟ್ಟೂ ಉಳಿಯದೆ, ಮುಠಾ ನದಿ ಪೇಟೆಗಳೊಳಗೆ ನುಗ್ಗಿತು. ಒಂದೇ ಹಗಲಿನಲ್ಲಿ ಸಾವಿರಾರು ಕುಟುಂಬಗಳು ಬೀದಿಪಾಲಾದವು. ಅವರಿಗಾಗಿ ಎದ್ದ ಬಡಾವಣೆಗಳಲ್ಲಿ ಲೋಕಮಾನ್ಯನಗರ, ಗೋಖಲೆನಗರಗಳನ್ನು ಇಂದಿಗೂ ಹಿರಿಯರು ತೋರಿಸುತ್ತಾರೆ. ನಗರದೊಳಗೇ, ಕೆಲಸ, ಶಾಲೆ, ಪೇಟೆಗಳಿಗೆ ಸಮೀಪದಲ್ಲಿ ನೆಲೆ ಸಿಕ್ಕಿದ್ದರಿಂದ ಆ ಕುಟುಂಬಗಳು ಮತ್ತೆ ಬೇರೂರಿದವು.

ಸೊಲ್ಲಾಪುರದ ಉದಾಹರಣೆ ಇನ್ನೂ ಹತ್ತಿರದ್ದು. ಕನ್ನಡ, ಮರಾಠಿ, ತೆಲುಗು, ಉರ್ದುಗಳು ಒಂದೇ ಬೀದಿಯಲ್ಲಿ ಕೇಳಿಸುವ ಆ ಊರಿನಲ್ಲಿ ಬೀಡಿ ಕಟ್ಟುವ ಹೆಂಗಸರು ಕಾರ್ಮಿಕ ಮುಂದಾಳು ನರಸಯ್ಯ ಆಡಂ ಅವರ ನೇತೃತ್ವದಲ್ಲಿ ವರ್ಷಗಟ್ಟಲೆ ಹೋರಾಡಿ, ಗೋದೂತಾಯಿ ಪರುಳೇಕರ ಅವರ ಹೆಸರಿನಲ್ಲಿ 10,000 ಮನೆಗಳ ವಸಾಹತನ್ನು 2006ರಲ್ಲಿ ಪಡೆದರು. ತರುವಾಯ ನಗರದ ಹೊರವಲಯದ ಕುಂಭಾರಿಯಲ್ಲಿ ರಾಯನಗರವೆಂಬ 30,000 ಮನೆಗಳ ಯೋಜನೆ ಕೈಗೂಡಿ, 2024ರ ಜನವರಿ 19ರಂದು ಮೊದಲ 15,000 ಮನೆಗಳ ಹಸ್ತಾಂತರವಾಯಿತು. ಬೀಡಿ ಕಾರ್ಮಿಕರು, ಮಗ್ಗದ ಕೆಲಸದವರು, ಚಿಂದಿ ಆಯುವವರು, ವಾಹನ ಚಾಲಕರು ಅಲ್ಲಿ ಸ್ವಂತ ಮನೆಯವರಾದರು. ಸರಕಾರದ ಹಣ, ಕಾರ್ಮಿಕರ ಸ್ವಂತ ವಂತಿಗೆ, ಸಂಘಟನೆಯ ಹಟ ಇವು ಮೂರೂ ಕೂಡಿದ್ದರಿಂದ ಈ ಕೆಲಸವಾಯಿತು. ಯಾವುದೊಂದು ಇಲ್ಲದಿದ್ದರೂ ಆಗುತ್ತಿರಲಿಲ್ಲ.

ಸಹಕಾರದ ಈ ಮಾರ್ಗ ಕನ್ನಡಿಗರಿಗೆ ಹೊಸದಲ್ಲ. ಈ ದೇಶದ ಮೊತ್ತಮೊದಲ ಸಹಕಾರಿ ಗೃಹನಿರ್ಮಾಣ ಸಂಘವು 1909ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿತು. ಮುಂಬಯಿಯ ಗಾಮದೇವಿಯಲ್ಲಿ ಶ್ರೀಪಾದ ಸುಬ್ಬರಾವ ತಾಲ್ಮಕಿಯವರು ಕಟ್ಟಿದ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘ 1915ರದು. ಊರು ಬಿಟ್ಟು ಬಂದ ಅಲ್ಪವೇತನದ ನೌಕರರು ಒಬ್ಬೊಬ್ಬರಾಗಿ ಕೊಳ್ಳಲಾರದ ನೆಲವನ್ನು ಒಟ್ಟಾಗಿ ಕೊಂಡರು. ಅಂದಿನ ಗುಮಾಸ್ತನಿಗೆ ಸಾಧ್ಯವಾದದ್ದು ಇಂದಿನ ಗೌಂಡಿಗೆ ಅಸಾಧ್ಯವಾಗಬೇಕಿಲ್ಲ. ಅವನಿಗೆ ಬೆನ್ನಾಗಿ ನಿಲ್ಲುವವರು ಬೇಕು, ಅಷ್ಟೇ.

ಮನೆಯ ರೂಪದ ಬಗೆಗೂ ಒಂದು ಮಾತು. 1993ರ ಸಪ್ಟೆಂಬರ 30ರ ನಸುಕಿನಲ್ಲಿ ಕಿಲ್ಲಾರಿಯ ಭೂಕಂಪವು ಲಾತೂರ, ಉಸ್ಮಾನಾಬಾದ ಜಿಲ್ಲೆಗಳ ಸಾವಿರಾರು ಜನರನ್ನು ಅವರ ಮನೆಗಳ ಕೆಳಗೇ ಹೂಳಿತು. ಕೊಂದದ್ದು ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆಗಳು ಮತ್ತು ಮಣ್ಣು ಹೇರಿದ ಮಾಳಿಗೆಗಳು. ಆಮೇಲೆ 52 ಹಳ್ಳಿಗಳನ್ನು ಬೇರೆ ಜಾಗದಲ್ಲಿ ಹೊಸದಾಗಿ ಕಟ್ಟಲಾಯಿತು. ಮನೆಗಳು ಗಟ್ಟಿಯಾದವು, ಆದರೆ ಅಗಲವಾದ ನೇರ ಬೀದಿಗಳಲ್ಲಿ ಹರಡಿದ ಆ ಊರುಗಳಿಂದ ಹೊಲ ದೂರವಾಯಿತು, ನೆರೆಯೂ ದೂರವಾಯಿತು. ಗಟ್ಟಿತನವೂ ಬೇಕು, ಬಾಳುವೆಗೆ ಒಪ್ಪುವ ರೂಪವೂ ಬೇಕು. ಬೇಸಿಗೆಯಲ್ಲಿ 40 ಡಿಗ್ರಿ ಮೀರಿ ಕಾಯುವ ಕಲಬುರಗಿ ಸೀಮೆಯಲ್ಲಿ ತೆಳುವಾದ ಕಾಂಕ್ರೀಟಿನ ಛಾವಣಿಯ ಕೆಳಗೆ ಮಧ್ಯಾಹ್ನ ಕಳೆದವರಿಗೆ ಇದರ ಅರ್ಥ ಗೊತ್ತು. ಎತ್ತು ಕಟ್ಟಲು, ಕಾಳು ಒಣಗಿಸಲು ಅಂಗಳವಿಲ್ಲದ ಮನೆ ರೈತನಿಗೆ ಅರ್ಧ ಮನೆಯೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರದವರು ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ, ಯಂತ್ರದಿಂದ ಒತ್ತಿ, ಸುಡದೆಯೇ ಗಟ್ಟಿಯಾದ ಇಟ್ಟಿಗೆಗಳನ್ನು ಮಾಡಿ ತೋರಿಸಿದರು. ಲಾರಿ ಬೇಕರ್ ಅವರು ಕೇರಳದಲ್ಲಿ ಅಲ್ಪವೆಚ್ಚದ ಸುಂದರವಾದ ಮನೆಗಳನ್ನು ಕಟ್ಟಿದರು. ಶಹಾಬಾದದ ಫರಸಿ ನಮ್ಮ ಕಾಲ ಕೆಳಗೇ ಇದೆ. ವಿದ್ಯೆಯ ಕೊರತೆ ನಮಗಿಲ್ಲ. ಆ ವಿದ್ಯೆಯನ್ನು ಹಳ್ಳಿಯ ಗೌಂಡಿಯ ಕೈಗೆ ಮುಟ್ಟಿಸುವ ಕೆಲಸ ಸಾಕಷ್ಟು ಆಗಿಲ್ಲ.

ಕೊನೆಗೆ, ನಮ್ಮ ಮಧ್ಯಮವರ್ಗದ ಮನೆಗಳಲ್ಲಿ ಆಗಾಗ ಕೇಳಿಬರುವ ಮಾತೊಂದಿದೆ: “ನಾವು ಇಪ್ಪತ್ತು ವರ್ಷ ಕಂತು ಕಟ್ಟಿ ಮನೆ ಮಾಡಿಕೊಂಡೆವು; ಇವರಿಗೆ ಮಾತ್ರ ಪುಕ್ಕಟೆ ಏಕೆ?” ಈ ಮಾತನ್ನು ನಾನೂ ಒಮ್ಮೆ ಆಡಿದವನೇ, ಆದುದರಿಂದ ಅಧಿಕಾರದಿಂದಲೇ ಉತ್ತರಿಸಬಲ್ಲೆ. ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿ ನಮ್ಮ ಗೃಹಸಾಲದ ಬಡ್ಡಿಗೆ ವರ್ಷಕ್ಕೆ 2 ಲಕ್ಷ ರೂಪಾಯಿಯವರೆಗೆ ವಿನಾಯಿತಿ ಇದೆ. 2017ರಿಂದ 2021ರ ವರೆಗೆ ಮಧ್ಯಮ ಆದಾಯದವರ ಗೃಹಸಾಲಕ್ಕೆ ಬಡ್ಡಿಯ ಸಹಾಯಧನವೂ ದೊರಕಿತು. ಅದನ್ನು ನಾವಾರೂ ಭಿಕ್ಷೆಯೆಂದು ಕರೆಯಲಿಲ್ಲ, ಪ್ರೋತ್ಸಾಹವೆಂದು ಕರೆದೆವು. ಹೆಸರು ಬೇರೆಯಾದ ಮಾತ್ರಕ್ಕೆ ಹಣದ ಜಾತಿ ಬೇರೆಯಾಗಲಾರದು. ಇನ್ನು ಮನೆ ಪಡೆದವರಲ್ಲಿ ಕೆಲವರು ಅದನ್ನು ಮಾರಿಕೊಳ್ಳುವುದುಂಟು, ಅನರ್ಹರು ಪಟ್ಟಿಯಲ್ಲಿ ನುಸುಳುವುದೂ ಉಂಟು. ಅದನ್ನು ತಡೆಯತಕ್ಕದ್ದೇ. ಆದರೆ ಕಳೆ ಇದೆಯೆಂದು ಬಿತ್ತುವುದನ್ನೇ ಬಿಡುವ ಒಕ್ಕಲಿಗನನ್ನು ನಾವು ಕಂಡಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ನನ್ನ ಅಲ್ಪಮತಿಗೆ ತೋಚಿದ್ದನ್ನು ಹೇಳುತ್ತೇನೆ. ಮೊದಲನೆಯದಾಗಿ, ನೆಲದ ಹಕ್ಕುಪತ್ರ ಮುಂದೆ, ಮನೆಯ ಮಂಜೂರಾತಿ ಹಿಂದೆ ಎಂಬ ಕ್ರಮ ಎಲ್ಲೆಡೆ ಜಾರಿಯಾಗಲಿ. ಎರಡನೆಯದಾಗಿ, ಫಲಾನುಭವಿಗಳ ಗ್ರಾಮಸಭೆಗಳು ಯುಗಾದಿ, ನಾಗರಪಂಚಮಿ, ಮೊಹರಂ, ಊರ ಜಾತ್ರೆ ಇಂಥ ದಿನಗಳನ್ನು ಹೊಂದಿ ನಡೆಯಲಿ. ವರ್ಷವೆಲ್ಲ ಪರಸ್ಥಳದಲ್ಲಿರುವ ನಮ್ಮ ಜನ ಆ ದಿನಗಳಲ್ಲಿ ಊರಿನಲ್ಲಿರುತ್ತಾರೆಂಬುದು ಕೂಸಿಗೂ ಗೊತ್ತಿರುವ ಸಂಗತಿ. ಮೂರನೆಯದಾಗಿ, ಆದಾಯವನ್ನು ಒಂದು ತಿಂಗಳ ಕೂಲಿಯಿಂದಲ್ಲ, ಇಡೀ ವರ್ಷದ ಗಳಿಕೆಯಿಂದ ಅಳೆಯಲಿ. ನಾಲ್ಕನೆಯದಾಗಿ, ನೆರವಿನ ಮೊತ್ತ ವರ್ಷವರ್ಷವೂ ಸಿಮೆಂಟು ಕಬ್ಬಿಣಗಳ ಬೆಲೆಯೊಡನೆ ಏರಲಿ. ಕಂತು ತಡವಾದರೆ ಗೊತ್ತಾದ ದಿನದ ನಂತರ ಸರಕಾರವೇ ಬಡ್ಡಿ ಕೊಡಲಿ. ಐದನೆಯದಾಗಿ, ಪುಣೆಯಂಥ ನಗರಗಳಲ್ಲಿ ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆಂದು ಕೂಡಿಸಿದ ಕರದ ಹಣದಿಂದ, ಕೆಲಸ ಬದಲಾದರೂ ಮನೆ ಬದಲಾಯಿಸಬೇಕಿಲ್ಲದ ಬಾಡಿಗೆಯ ಮನೆಗಳನ್ನು ಕಟ್ಟಲಿ.

ಈ ಐದನೆಯ ಸೂಚನೆಯಲ್ಲಿ ನನಗೊಂದು ಸ್ವಾರ್ಥವುಂಟು, ಅದನ್ನು ಮುಚ್ಚಿಡಲಾರೆ. ನಾನು ಕಂಡ ಆ ಹುಡುಗ ಅಂದು ತನ್ನ ಪ್ರಬಂಧವನ್ನು ಬರೆದು ಮುಗಿಸಿದ. ಎರಡು ಪುಟ ಬರೆದಿದ್ದ. ಒಂದು ಪುಟ ಊರಿನ ಮನೆಗೆ, ಒಂದು ಪುಟ ಇಲ್ಲಿಯದಕ್ಕೆ. ಊರಿನ ಮನೆಗೆ ಅವನು ಛಾವಣಿಯನ್ನೂ ಬರೆದಿದ್ದ; ಬಾಗಿಲಿಗೆ ಹಸಿರು ಬಣ್ಣವನ್ನೂ ಬರೆದಿದ್ದ. ಅದು ಸುಳ್ಳೆಂದು ನನಗೆ ಗೊತ್ತಿತ್ತು. ಆದರೂ ಪೂರ್ಣ ಅಂಕಗಳನ್ನು ಕೊಟ್ಟೆ. ಈ ವರ್ಷ ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ ಅವನ ಜಾಗ ಬರಿದಾಗಿತ್ತು. ಕಟ್ಟಡ ಮುಗಿದಿತ್ತು, ಮುಕಾದಮನು ಕ್ಯಾಂಪನ್ನು ನಗರದ ಇನ್ನೊಂದು ತುದಿಗೆ ಒಯ್ದಿದ್ದ. ಆ ಭಾಗದಲ್ಲಿ ಕನ್ನಡ ಶಾಲೆಯಿಲ್ಲ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಗೈರುಹಾಜರಿಯ ಗುರುತು ಹಾಕುವಾಗ, ಗೈರುಹಾಜರಾದವನು ಅವನೋ, ನಾವೋ ಎಂಬ ಸಂದೇಹ ನನಗೆ ಬಂದಿತು. ವಸತಿಯ ನೀತಿಯೆಂಬುದು ಬರಿಯ ಕಲ್ಲು ಗಾರೆಯ ಮಾತಲ್ಲ. ಮಗುವೊಂದು ಒಂದೇ ಶಾಲೆಯಲ್ಲಿ ವರ್ಷ ಪೂರ್ತಿ ಕೂಡಬಲ್ಲುದೋ ಇಲ್ಲವೋ ಎಂಬ ಮಾತು.

ವಿದ್ಯಾರ್ಥಿಮಿತ್ರರೇ, ನಿಮ್ಮಲ್ಲಿ ಕೆಲವರು ಮುಂದೆ ಇಂಜಿನಿಯರರಾಗುವಿರಿ, ಕೆಲವರು ಅಧಿಕಾರಿಗಳಾಗುವಿರಿ, ಕೆಲವರು ಇದೇ ಪುಣೆಯಲ್ಲಿ ಮನೆ ಕೊಳ್ಳುವಿರಿ. ಗೃಹಪ್ರವೇಶದ ದಿನ ಬಂಧುಮಿತ್ರರನ್ನು ಕರೆಯುವಾಗ, ಆ ಗೋಡೆಗಳನ್ನು ಎತ್ತಿದವರು ಈಗ ಎಲ್ಲಿ ಮಲಗುತ್ತಿದ್ದಾರೆಂಬುದನ್ನು ಒಮ್ಮೆ ವಿಚಾರಿಸಿರಿ. ಅಧಿಕಾರದ ಲೇಖನಿ ಕೈಗೆ ಬಂದವರು, ಮೇಜಿನ ಮೇಲೆ ಎಂಟು ತಿಂಗಳಿಂದ ಬಿದ್ದಿರುವ ಕಂತಿನ ಕಾಗದಕ್ಕೆ ಅದೇ ದಿನ ಸಹಿ ಹಾಕಿರಿ. ಅಷ್ಟು ಮಾಡಿದರೆ ಈ ಶಾಲೆಯಲ್ಲಿ ಕಲಿತ ಕನ್ನಡ ಸಾರ್ಥಕವಾದಂತೆ. ಅಂದಿನ ವಿದ್ಯಾರ್ಥಿಗಳಿಗೆ ಶಿಕ್ಷಕರು ‘ನನ್ನ ಮನೆ’ ಎಂಬ ಪ್ರಬಂಧ ಬರೆಯಲು ಹೇಳಿದಾಗ, ಯಾವ ಮನೆಯೆಂದು ಕೇಳುವ ಪ್ರಸಂಗ ಯಾವ ಮಗುವಿಗೂ ಬಾರದಿರಲಿ.